ಎರಡು ಬೇಸಿಗೆಯ ಅಧ್ಯಕ್ಷ

ಕಳೆದ ಮೇ ತಿಂಗಳಲ್ಲಿ ಕುವೈತಿನ ಎಗೈಲಾದಲ್ಲಿರುವ ಮಗಳ ಮನೆಯಲ್ಲಿದ್ದೆ. ಬೆಳಿಗ್ಗೆ ಎಸಿ ರಿಪೇರಿಯವನು ಬಂದು ಫಿಲ್ಟರು ಕಳಚಿ ಬಚ್ಚಲಿನ ನಲ್ಲಿಯ ಕೆಳಗೆ ಹಿಡಿದ. ವರ್ಷದ ಧೂಳಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಊರಿನ ಮೊದಲ ಮಳೆಯ ವಾಸನೆಗೆ ಅದು ಹತ್ತಿರವೇ, ಆದರೆ ತಗಡಿನದೂ ಗ್ರೀಸಿನದೂ ಒಂದು ಕಹಿ ಅದರ ಬೆನ್ನಿಗೆ ಬರುತ್ತದೆ. ನಾನು ಓದುತ್ತಿದ್ದ ಪೇಪರು ಮಡಚಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ಮೊಮ್ಮಗಳು ಹಿಂದೆಯೇ ಬಂದು, "ಅಜ್ಜಾ, ಆರ್ ಯೂ ಓಕೇ?" ಎಂದಳು. ಧೂಳು ಮೂಗಿಗೆ ಹೋಯಿತು ಮಗಾ ಎಂದೆ. ಸುಳ್ಳೇನಲ್ಲ.

ಅದೇ ಸಂಜೆ ನಮ್ಮ ಕನ್ನಡ ಸಂಘದ ಮೂವರು ತರುಣರು ಮನೆಗೆ ಬಂದರು. ಚುನಾವಣೆ ಹತ್ತಿರ ಬಂದಿದೆಯಂತೆ. ಹೊಸಬನೊಬ್ಬ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದಿದ್ದಾನಂತೆ, ಹಳಬರು ಬೇಡ ಎನ್ನುತ್ತಿದ್ದಾರಂತೆ. "ಅಂಕಲ್, ಕುವೈತಿಗೆ ಬಂದು ಎರಡೇ ವರ್ಷ ಆದವರನ್ನು ಅಧ್ಯಕ್ಷ ಮಾಡಿದ್ದು ಮೊದಲು ಯಾವಾಗಲಾದ್ರೂ ಉಂಟಾ? ನೀವು ಹಿಂದೆ ಕಾರ್ಯದರ್ಶಿ ಆಗಿದ್ರಿ ಅಂತ ಕೇಳಿದ್ದೇವೆ."

ಬೆಳಗಿನ ವಾಸನೆ ಇನ್ನೂ ಮೂಗಿನಲ್ಲಿತ್ತು. "ಒಬ್ಬನನ್ನು ಮಾಡಿದ್ದೆವು. ಕೂತುಕೊಳ್ಳಿ," ಎಂದೆ.

ನನ್ನ ಅಜ್ಜಿ ಯಾವ ಕತೆ ಹೇಳಿದರೂ ಮೊದಲು ಆ ದಿನದ ಬಿಸಿಲು ಹೇಗಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಹೇಳಿ, ಆಮೇಲೆ ಮನುಷ್ಯರನ್ನು ಒಳಗೆ ಕರೆಯುತ್ತಿದ್ದಳು. ನನಗೂ ಅದೇ ಚಾಳಿ. ತೊಂಬತ್ತರ ಜುಲೈಯಲ್ಲಿ ಧೂಳುಗಾಳಿ ವಾರಕ್ಕೆ ನಾಲ್ಕು ದಿನ ಏಳುತ್ತಿತ್ತು. ಸಾಲ್ಮಿಯಾದ ನಮ್ಮ ಎರಡು ಕೋಣೆಯ ಮನೆಯಿಂದ ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಸೂರ್ಯ ಹಳೆಯ ಹಿತ್ತಾಳೆ ತಟ್ಟೆಯ ಹಾಗೆ, ಕಣ್ಣು ಪಿಳುಕಿಸದೆ ನೋಡಬಹುದಾದಷ್ಟು ಮಂಕಾಗಿ ನಿಂತಿರುತ್ತಿದ್ದ. ಉತ್ತರದ ಗಡಿಯಲ್ಲಿ ಇರಾಕಿನ ಸೈನ್ಯ ಸೇರುತ್ತಿದೆಯೆಂದು ರೇಡಿಯೋ ದಿನಾ ಹೇಳುತ್ತಿತ್ತು. ನಾವು ಅದನ್ನು ಕೇಳುತ್ತ, ಕೇಳುತ್ತಲೇ ಸಂಘದ ಚುನಾವಣೆಯ ಮಾತಾಡುತ್ತಿದ್ದೆವು.

ಚುನಾವಣೆ ಎಂದರೆ ಮತ ಪೆಟ್ಟಿಗೆ ಗಿಟ್ಟಿಗೆ ಏನಿಲ್ಲ. ಇಳಿಯುವ ಅಧ್ಯಕ್ಷರು ಯಾರ ಕೈಗೆ ತೆಂಗಿನಕಾಯಿ ಇಟ್ಟ ವೀಳ್ಯ ಕೊಡುತ್ತಾರೋ ಅವರೇ ಮುಂದಿನ ಅಭ್ಯರ್ಥಿ. ಅವರ ಎದುರು ಯಾರೂ ನಿಲ್ಲುವುದಿಲ್ಲ. ವೀಳ್ಯದೆಲೆ ಬುಧವಾರದ ವಿಮಾನದಲ್ಲಿ ಊರಿನಿಂದ ಬರಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಶುಕ್ರವಾರ ಸಭೆಗೆ ತರಬೇಕು. ಆ ಸಲದ ಸಭೆ ಆಗಸ್ಟ್ ಮೂರರ ಶುಕ್ರವಾರ ಎಂದು ನಾನೇ ಎಲ್ಲರಿಗೂ ಫೋನು ಮಾಡಿ ಹೇಳಿದ್ದೆ.

ಇಳಿಯುವ ಅಧ್ಯಕ್ಷರನ್ನು ಊರಿಗೆ ಊರೇ ದೊಡ್ಡಣ್ಣ ಎನ್ನುತ್ತಿತ್ತು. ಶುವೈಖಿನಲ್ಲಿ ನಾನು ಸ್ಪೇರ್ ಪಾರ್ಟ್ಸ್ ಗೋಡೌನು ನೋಡಿಕೊಳ್ಳುತ್ತಿದ್ದ ಕಂಪನಿಗೇ ಅವರು ಆಫೀಸ್ ಮ್ಯಾನೇಜರ್. ಇಪ್ಪತ್ತೆರಡು ಬೇಸಿಗೆ ಕಂಡವರು. ನಮ್ಮಲ್ಲಿ ಅರ್ಧ ಜನರನ್ನು ಆ ಕಂಪನಿಗೆ ಕರೆಸಿಕೊಂಡವರೂ ಅವರೇ. ಹೆಂಡತಿ ತೀರಿಹೋದ ಮೇಲೆ ಸಂಘವೇ ಅವರ ಸಂಸಾರವಾಗಿತ್ತು. ಅವರ ವೀಳ್ಯ ಮೈಸೂರು ಕಡೆಯ ಒಬ್ಬ ಹಿರಿಯ ಇಂಜಿನಿಯರಿಗೆ ಹೋಗುವುದು ಎಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಹೆಂಗಸರು ಹರೀಶನ ಹೆಸರು ಎತ್ತಿದರು.

ಹರೀಶ ಎಸಿ ಮೆಕ್ಯಾನಿಕ್. ಮೂಡುಬಿದಿರೆ ಕಡೆಯವ, ಇಪ್ಪತ್ತಾರು ವಯಸ್ಸು. ನಮ್ಮ ಗೋಡೌನಿನ ಹಿಂದಿನ ಬೀದಿಯಲ್ಲಿ ಒಂದು ರಿಪೇರಿ ಅಂಗಡಿಯಲ್ಲಿದ್ದ. ವೇದಿಕೆ ಹತ್ತಿದವನಲ್ಲ, ಮೈಕು ಹಿಡಿದವನಲ್ಲ. ಆದರೆ ಶುಕ್ರವಾರ ರಜೆಯಲ್ಲಿ ಯಾರ ಮನೆಯ ಎಸಿ ಕೈಕೊಟ್ಟರೂ ಸ್ಕ್ರೂಡ್ರೈವರ್ ಕಿಸೆಗೆ ಹಾಕಿಕೊಂಡು ಬರುತ್ತಿದ್ದ. ಬಾಣಂತಿ ಇರುವ ಮನೆಗೆ ಮೊದಲು, ಬ್ಯಾಚುಲರುಗಳ ಕೋಣೆಗೆ ಕೊನೆಗೆ. ಯಾರ ಮನೆಯಲ್ಲಿ ಎಷ್ಟು ಜನ, ಯಾರಿಗೆ ದಮ್ಮು, ಯಾವ ಮಗು ಬಿಸಿಲಿಗೆ ಮೂಗಿನಿಂದ ರಕ್ತ ಬರಿಸಿಕೊಳ್ಳುತ್ತದೆ, ಎಲ್ಲ ಅವನಿಗೆ ಬಾಯಿಪಾಠ.

ಅವನ ನಾಮಪತ್ರಕ್ಕೆ ಸೂಚಕಿಯಾಗಿ ಸಹಿ ಹಾಕಿದವಳು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ ಸುಮತಿ. ಹರೀಶ ಅದನ್ನು ಕಾರ್ಯದರ್ಶಿಯಾಗಿದ್ದ ನನ್ನ ಕೈಗೆ ಕೊಡಲು ಬಂದ ದಿನ ಧೂಳು ಹಾರಿ ಹಾರಿ ಅವನ ರೆಪ್ಪೆಗಳೆಲ್ಲ ಬೆಳ್ಳಗಾಗಿದ್ದವು.

"ಇದೆಂತ ಮಾರಾಯ ನಿಂದು ಹೊಸ ಹುಚ್ಚು?" ಎಂದೆ.

"ನನ್ನ ಹುಚ್ಚಲ್ಲಣ್ಣ, ಅತ್ತಿಗೆಯದ್ದು. ನಾನು ಬೇಡಾಂತ ಹೇಳಿದೆ. ಹಾಗಾದ್ರೆ ನಾಳೆಯಿಂದ ಊಟಕ್ಕೆ ಬರ್ಬೇಡ ಅಂದ್ರು."

ಅಡುಗೆಮನೆಯಿಂದ ಸುಮತಿ ಕೂಗಿದಳು: "ಹೌದು ಹೇಳಿದೆ! ಇಪ್ಪತ್ತು ವರ್ಷದಿಂದ ಭಾಷಣ ಕೇಳಿ ಕೇಳಿ ಯಾರ ಮನೆ ತಣ್ಣಗಾಗಿದೆ ಹೇಳಿ ನೋಡುವ?"

ನಾಮಪತ್ರದಲ್ಲಿ ಒಂದು ಅಂಕಣವಿತ್ತು: ಕುವೈತಿನಲ್ಲಿ ಎಷ್ಟು ವರ್ಷದ ಅನುಭವ? ಹತ್ತಕ್ಕೆ ಕಡಿಮೆ ಇರಬಾರದು ಎಂಬ ಪದ್ಧತಿ ಇತ್ತು, ಬರೆದಿಟ್ಟ ನಿಯಮವಲ್ಲ. ಆ ಅಂಕಣವನ್ನು ಹಾಕಿದವನು ನಾನೇ. ಅಲ್ಲಿ ಹರೀಶ ಗುಂಡಗಿನ ಅಕ್ಷರದಲ್ಲಿ "ಎರಡು ಬೇಸಿಗೆ" ಎಂದು ಬರೆದಿದ್ದ.

"ದೊಡ್ಡಣ್ಣ ನೋಡಲಿ, ಆಮೇಲೆ ಸ್ವೀಕರಿಸಿದ ಸಹಿ ಹಾಕ್ತೇನೆ," ಎಂದು ಫೈಲಿನೊಳಗೆ ಸೇರಿಸಿದೆ. ಇಲ್ಲ ಎನ್ನುವ ಧೈರ್ಯವಿಲ್ಲದವರು ಹೀಗೆ ಹೇಳುತ್ತಾರೆ. ಅವನಿಗೂ ಅದು ಗೊತ್ತಾಯಿತು. ನಕ್ಕ. "ಆಯ್ತಣ್ಣ. ನಿಮ್ಮ ಎಸಿ ಒಂದು ಸಲ ಬಿಚ್ಚಿ ನೋಡ್ಲಾ? ಸದ್ದು ಬರ್ತಾ ಉಂಟು," ಎಂದ.

ನಾಮಪತ್ರದ ಮಾತು ದೊಡ್ಡಣ್ಣನ ಕಿವಿಗೆ ಬಿದ್ದಾಗ ಅವರು ಸಿಟ್ಟಾಗಲಿಲ್ಲ. "ಒಳ್ಳೆಯವನೇ. ಆದ್ರೆ ಜಯರಾಮ, ಅವನು ಏನು ಕಂಡಿದ್ದಾನೆ? ಕಷ್ಟ ಬಂದಾಗ ಯಾರ ಹತ್ರ ಹೋಗ್ಬೇಕು, ಯಾರಿಗೆ ಎಂತ ಹೇಳ್ಬೇಕು, ಅದು ಎರಡು ಬೇಸಿಗೆಯಲ್ಲಿ ಬರುವ ವಿದ್ಯೆಯಾ?" ಎಂದು ನನ್ನನ್ನೇ ಕೇಳಿದರು. ಗಡಿಯ ಸುದ್ದಿಗೂ ಅವರಲ್ಲಿ ಅನುಭವದ ಉತ್ತರವಿತ್ತು. "ಬೊಬ್ಬೆ ಹೊಡಿತಾರೆ. ಆಮೇಲೆ ಕೆನ್ನೆಗೆ ಕೆನ್ನೆ ತಾಗಿಸಿ ಕಾಫಿ ಕುಡಿತಾರೆ. ಎಷ್ಟು ಸಲ ನೋಡ್ಲಿಲ್ಲ ನಾನು!" ನಮಗೂ ಸಮಾಧಾನವಾಯಿತು.

ಆ ಬುಧವಾರ ವೀಳ್ಯದೆಲೆ ಬಂತು. ದೊಡ್ಡಣ್ಣನೇ ವಿಮಾನ ನಿಲ್ದಾಣಕ್ಕೆ ಹೋಗಿ ತಂದು ತಮ್ಮ ಫ್ರಿಜ್ಜಿನಲ್ಲಿಟ್ಟರು.

ಗುರುವಾರ ಬೆಳಕು ಹರಿಯುವಾಗ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಸುಮತಿ, "ಇಷ್ಟು ಬೇಗ ಯಾರಪ್ಪ ಕಟ್ಟಡದ ಕೆಲಸ ಶುರು ಮಾಡಿದ್ದು," ಎಂದಳು. ಜಲ್ಲಿ ಸುರಿಯುವುದು ನಿಲ್ಲಲೇ ಇಲ್ಲ. ಮಹಡಿಗೆ ಹೋಗಿ ನೋಡಿದರೆ ಪೇಟೆಯ ಕಡೆ ಮೂರು ಕಂಬ ಹೊಗೆ, ಸಮುದ್ರದ ದಂಡೆಯ ರಸ್ತೆಯಲ್ಲಿ ಸಾಲು ಸಾಲು ಟ್ಯಾಂಕು. ನಾಲ್ಕು ವರ್ಷದ ನಮ್ಮ ಮಗಳು ಕೈಬೀಸಿದಳು. ನಾನು ಆ ಕೈ ಹಿಡಿದು ಕೆಳಗಿಳಿಸಿದೆ. ಯಾಕೋ, ಆ ಇಡೀ ವರ್ಷದಲ್ಲಿ ನನಗೆ ಮೊದಲು ನೆನಪಾಗುವುದು ಅದೇ.

ಶುಕ್ರವಾರದ ಸಭೆ ನಡೆಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆ ಇಂಜಿನಿಯರು ರಜೆಯಲ್ಲಿ ಊರಿಗೆ ಹೋದವರು ಅಲ್ಲೇ ಉಳಿದರು. ಹೊರದೇಶದ ಫೋನು ಸತ್ತಿತು. ರೊಟ್ಟಿಗೆ ಬೆಳಿಗ್ಗೆ ಐದಕ್ಕೆ ಸಾಲು. ಎರಡನೆಯ ವಾರ ಕಳೆಯುವಾಗ ಬಸ್ರಾ, ಬಾಗ್ದಾದಿನ ಮೇಲಿಂದ ಜೋರ್ಡಾನಿಗೆ ಬಸ್ಸುಗಳು ಹೋಗುತ್ತಿವೆ, ಅಲ್ಲಿಂದ ಊರಿಗೆ ವಿಮಾನವಿದೆ ಎಂಬ ಸುದ್ದಿ ಬಂತು. ಆದರೆ ಪಾಸ್‌ಪೋರ್ಟ್? ನಮ್ಮ ಕಂಪನಿಯವರದ್ದೆಲ್ಲ ಆಗಿನ ರಿವಾಜಿನಂತೆ ಕಫೀಲನ ವಶದಲ್ಲಿ, ಅಂದರೆ ಕಂಪನಿಯ ಒಡೆಯರ ವಶದಲ್ಲಿ. ಒಡೆಯರು ಎಂದಿನಂತೆ ಬೇಸಿಗೆ ಕಳೆಯಲು ಸಂಸಾರ ಸಮೇತ ವಿದೇಶಕ್ಕೆ ಹೋಗಿದ್ದರು. ಪಾಸ್‌ಪೋರ್ಟುಗಳು ಶುವೈಖಿನ ಆಫೀಸಿನ ಸ್ಟೀಲ್ ಕಪಾಟಿನಲ್ಲಿ. ಕಪಾಟಿನ ಕೀಲಿಕೈ ದೊಡ್ಡಣ್ಣನ ಸೊಂಟದಲ್ಲಿ.

ಪಾಸ್‌ಪೋರ್ಟ್ ಇಲ್ಲದವರಿಗೆ ರಾಯಭಾರ ಕಚೇರಿಯಲ್ಲಿ ಒಂದು ಕಾಗದ ಕೊಡುತ್ತಿದ್ದರು. ಆದರೆ ಅಲ್ಲಿ ಬಿಸಿಲಲ್ಲಿ ಸಾವಿರಾರು ಜನ, ಸರದಿ ಬರಲು ದಿನಗಟ್ಟಲೆ ಬೇಕು. ಬರೀ ಕಾಗದದವರನ್ನು ಗಡಿಯಿಂದ ಹಿಂದೆ ಕಳಿಸುತ್ತಾರೆ ಎಂಬ ಮಾತೂ ಇತ್ತು.

ನಮ್ಮ ಮನೆಯಲ್ಲಿ ಸೇರಿದೆವು. ಇಪ್ಪತ್ತು ಮೂವತ್ತು ಜನ ನೆಲದ ಮೇಲೆ, ಮಕ್ಕಳು ಮಂಚದ ಮೇಲೆ. ಹರೀಶನ ಅಂಗಡಿಯ ಒಡೆಯ ಮೊದಲ ವಾರದಲ್ಲೇ ಅವನ ಪಾಸ್‌ಪೋರ್ಟ್ ಅವನ ಕೈಗೇ ಕೊಟ್ಟುಬಿಟ್ಟಿದ್ದ. ಹೊರಡಬೇಕೆಂದಿದ್ದರೆ ಅವನು ಎಂದೋ ಹೊರಟುಹೋಗಬಹುದಿತ್ತು. ಅವನೂ ಬಂದು ಬಾಗಿಲ ಹತ್ತಿರ ಕೂತಿದ್ದ.

"ದೊಡ್ಡಣ್ಣ, ಕಪಾಟು ತೆಗಿಯುವ," ಎಂದೆ.

"ಅವರ ಮಾತಿಲ್ಲದೆ ಹೇಗೆ ತೆಗಿಯುದು? ಇಪ್ಪತ್ತೆರಡು ವರ್ಷ ನನ್ನನ್ನು ನಂಬಿ ಕೀ ಕೊಟ್ಟಿದ್ದಾರೆ. ಫೋನು ಸರಿಯಾಗ್ಲಿ, ಒಂದು ಮಾತು ಕೇಳ್ತೇನೆ. ಹತ್ತು ದಿನ. ಹತ್ತು ದಿನದಲ್ಲಿ ಎಲ್ಲ ಖಲಾಸ್ ಆಗ್ತದೆ."

ಹತ್ತು ದಿನದ ಹಿಂದೆಯೂ ಅವರು ಹತ್ತು ದಿನ ಎಂದಿದ್ದರು. ಈಗ ಕೂತು ಅವರನ್ನು ಹಳಿಯುವುದು ಸುಲಭ. ಅಂದು ನಮ್ಮಲ್ಲಿ ಯಾರೂ ಎದುರಾಡಲಿಲ್ಲ, ಯಾಕೆಂದರೆ ನಮ್ಮನ್ನು ಸಾಕಿದ್ದೇ ಆ ನಿಯತ್ತು. ಕಫೀಲ ಬಂದಾಗ ಕಪಾಟು ಒಡೆದಿದ್ದರೆ ಮತ್ತೆ ಈ ದೇಶಕ್ಕೆ ಕಾಲಿಡಲುಂಟೇ, ಇಲ್ಲಿ ವಾಸಿಸುವ ಪರವಾನಗಿ, ಇಕಾಮಾ, ಉಳಿದೀತೇ ಎಂದು ಊರು ಉರಿಯುವಾಗಲೂ ಯೋಚಿಸುತ್ತಿದ್ದೆವು. ಹೊರಗೆ ಟ್ಯಾಂಕು, ಒಳಗೆ ವೀಸಾದ ಚಿಂತೆ.

ಹರೀಶ ಮೆಲ್ಲಗೆ ಕೇಳಿದ: "ದೊಡ್ಡಣ್ಣ, ಶುವೈಖಿನ ಗೋಡೌನುಗಳನ್ನೆಲ್ಲ ಸೈನಿಕರು ಖಾಲಿ ಮಾಡ್ತಾ ಇದ್ದಾರೆ. ನಿನ್ನೆ ನಮ್ಮ ಬೀದಿಯ ಕೊನೆಗೆ ಬಂದಿದ್ರು. ಇನ್ನೆರಡು ದಿನದಲ್ಲಿ ನಿಮ್ಮ ಆಫೀಸು. ಕಪಾಟೇ ಹೋದ್ರೆ ಕೀ ಇಟ್ಕೊಂಡು ಎಂತ ಮಾಡುದು?"

"ನಿಂಗೆ ಈ ಊರು ಗೊತ್ತಿಲ್ಲ ಹರೀಶ."

"ಗೊತ್ತಿಲ್ಲ, ಹೌದು," ಎಂದ. ಚಹಾದ ಗ್ಲಾಸು ತೊಳೆದಿಟ್ಟು ಎದ್ದುಹೋದ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಕೆಳಗೆ ಪಿಕಪ್ಪಿನ ಹಾರ್ನು. "ಅಣ್ಣ, ಬರ್ತೀರಾ? ಆಫೀಸಿನಲ್ಲಿ ಕಪಾಟು ಎಲ್ಲಿದೆ ತೋರಿಸಿದ್ರೆ ಸಾಕು." ಹರೀಶ ಪಿಕಪ್ಪಿನ ಹಿಂದೆ ಒಂದು ಹಳೆ ಕಿಟಕಿ ಎಸಿ ಮಲಗಿಸಿದ್ದ. ಈ ಬಿಸಿಲಲ್ಲಿ ಸೈನಿಕರೂ ನೆರಳು ಹುಡುಕಿ ಮಲಗುತ್ತಾರೆ ಎಂದು ಅವನು ನಾಲ್ಕು ದಿನ ನೋಡಿಟ್ಟಿದ್ದ.

ಶುವೈಖಿನ ಬೀದಿಗಳಲ್ಲಿ ಮನುಷ್ಯರಿರಲಿಲ್ಲ. ಕಾರಿನ ಶೋರೂಮುಗಳ ಗಾಜು ರಸ್ತೆಯ ತುಂಬ ಸಕ್ಕರೆಯ ಹಾಗೆ ಹರಡಿತ್ತು. ಆಫೀಸಿನ ಹಿಂಬದಿಗೆ ಹೋಗಿ ಹರೀಶ ಗೋಡೆಯ ಎಸಿಯ ಚೌಕಟ್ಟು ಬಿಚ್ಚಿದ. "ಇದನ್ನು ಕೂರಿಸಿದ್ದೇ ನಾನು," ಎಂದ. ಇಬ್ಬರೂ ಸೇರಿ ಅದನ್ನು ಹೊರಗೆಳೆದು ನೆಲಕ್ಕಿಳಿಸಿ, ಆ ಕಿಂಡಿಯಿಂದ ಒಳಗೆ ಹೋದೆವು. ಇಪ್ಪತ್ತು ನಿಮಿಷದಲ್ಲಿ ಕಪಾಟಿನ ಬಾಗಿಲು ಸೋತಿತು. ಬಿಸ್ಕತ್ತಿನ ಡಬ್ಬಿಯಲ್ಲಿ ನಲವತ್ತಮೂರು ಪಾಸ್‌ಪೋರ್ಟು, ರಬ್ಬರ್ ಬ್ಯಾಂಡ್ ಹಾಕಿ ಹೆಸರಿನ ಪ್ರಕಾರ ಜೋಡಿಸಿದ್ದು, ದೊಡ್ಡಣ್ಣನ ಅಚ್ಚುಕಟ್ಟು. ಹರೀಶ ಪಿಕಪ್ಪಿನ ಹಳೆ ಎಸಿಯ ಮುಚ್ಚಳ ತೆಗೆದು, ಫ್ಯಾನು ಕಿತ್ತು ಖಾಲಿ ಮಾಡಿದ್ದ ಹೊಟ್ಟೆಯೊಳಗೆ ಅವನ್ನೆಲ್ಲ ತುಂಬಿ ಸ್ಕ್ರೂ ಬಿಗಿದ. ಆಗ ಎದ್ದಿತ್ತು ಆ ವಾಸನೆ. ಅವನ ಬೆವರು ಎಸಿಯ ಧೂಳಿನ ಮೇಲೆ ತೊಟ್ಟಿಕ್ಕುತ್ತಿತ್ತು.

ವಾಪಸು ಬರುವಾಗ ಚೆಕ್‌ಪೋಸ್ಟಿನಲ್ಲಿ ತಡೆದರು. ಪಕ್ಕದ ಶಾಲೆಯ ಕಟ್ಟಡದಲ್ಲಿ ಅವರ ಬಿಡಾರ. ಒಬ್ಬ ಅಧಿಕಾರಿ, ನಡುವಯಸ್ಸು, ಬೆವರಿ ಬೆವರಿ ಅಂಗಿ ಮೈಗಂಟಿತ್ತು. ಹಿಂದೆ ನೋಡಿ, ಎಸಿಯ ತಗಡಿನ ಮೇಲೆ ಬೆರಳಿನಿಂದ ತಟ್ಟಿದ. ನನ್ನ ಎದೆಯ ಮೇಲೇ ತಟ್ಟಿದ ಹಾಗಾಯಿತು. ಇದನ್ನು ಇಳಿಸು, ನಮ್ಮ ಕೋಣೆಗೆ ಕೂರಿಸು ಎಂದ. ಹರೀಶ ತನ್ನ ಅರೆಬರೆ ಅರಬಿಯಲ್ಲಿ ನಗುತ್ತ, ಇದು ಸತ್ತ ಎಸಿ ಸಾಹೇಬ್ರೆ, ನಿಮ್ಮದನ್ನೇ ನಾಳೆ ಬೆಳಿಗ್ಗೆ ಗ್ಯಾಸು ತಂದು ಸರಿಮಾಡಿ ಕೊಡ್ತೇನೆ ಎಂದ. ಅಧಿಕಾರಿ ತುಂಬ ಹೊತ್ತು ಅವನ ಮುಖ ನೋಡಿದ. ಕೊನೆಗೆ ಕೈ ಚಾಚಿ ಅವನ ಗುರುತಿನ ಚೀಟಿ ತೆಗೆದುಕೊಂಡು ಕಿಸೆಗಿಳಿಸಿದ. ನಾಳೆ ಬಾ, ಸರಿ ಮಾಡು, ಚೀಟಿ ತೆಗೆದುಕೊಂಡು ಹೋಗು. ಯಲ್ಲಾ, ನಡಿ.

ಆ ಸಂಜೆ ಹರೀಶ ನಮ್ಮ ಮನೆಯಲ್ಲಿ ಹೆಸರು ಕೂಗಿ ಕೂಗಿ ಪಾಸ್‌ಪೋರ್ಟು ಹಂಚಿದ. ಹೆಂಗಸರು ಅದನ್ನು ಕಣ್ಣಿಗೊತ್ತಿಕೊಂಡರು. ಕೊನೆಗೆ ದೊಡ್ಡಣ್ಣ ಬಂದರು. ಯಾರೋ ಸುದ್ದಿ ಮುಟ್ಟಿಸಿದ್ದರು.

"ಇದಕ್ಕೆ ಕಳ್ಳತನ ಅಂತಾರೆ," ಎಂದರು.

"ಹೌದು ದೊಡ್ಡಣ್ಣ. ನಿಮ್ಮದೂ ಇದೆ, ತಗೊಳ್ಳಿ."

ಅವರು ಕೈ ಚಾಚಲಿಲ್ಲ. ಹರೀಶ ಅದನ್ನು ಟಿವಿಯ ಮೇಲಿಟ್ಟ.

ಜೋರ್ಡಾನಿನ ಡ್ರೈವರೊಬ್ಬನ ಬಸ್ಸು ನಾಳೆ ಬೆಳಿಗ್ಗೆ ಎಂಟಕ್ಕೆ ಎಂದು ಗೊತ್ತಾಗಿತ್ತು. ಸುಮತಿ ಹರೀಶನ ತೋಳು ಹಿಡಿದಳು. "ಆ ಚೀಟಿ ಸಾಯ್ಲಿ. ಪಾಸ್‌ಪೋರ್ಟು ಕೈಯಲ್ಲಿ ಉಂಟಲ್ಲ? ಸೀದಾ ಬಸ್ಸು ಹತ್ತು ನೀನು."

"ಬಸ್ಸು ಹೋಗ್ಲಿಕ್ಕಿರುವುದೂ ಅದೇ ರಸ್ತೆಯಲ್ಲಿ ಅತ್ತಿಗೆ. ಪಿಕಪ್ಪಿನ ಮೇಲೆ ಅಂಗಡಿ ಹೆಸರು ಬರ್ದಿದೆ, ಅಣ್ಣನ ಮುಖ ನೋಡಿದ್ದಾರೆ. ನಾನು ಹೋಗ್ಲಿಲ್ಲಾಂದ್ರೆ ಬಸ್ಸು ನಿಲ್ಲಿಸ್ತಾರೆ. ಆರು ಗಂಟೆಗೆ ಹೋಗ್ತೇನೆ, ಒಂದೂವರೆ ಗಂಟೆ ಕೆಲ್ಸ. ಬುತ್ತಿ ಕಟ್ಟಿಡಿ."

ಬೆಳಿಗ್ಗೆ ಆರಕ್ಕೆ ಗ್ಯಾಸಿನ ಸಿಲಿಂಡರು ಹಾಕಿಕೊಂಡು ಹೋದ. ಎಂಟಾಯಿತು. ಎಂಟೂವರೆ. ಬಸ್ಸಿನೊಳಗೆ ಮಕ್ಕಳು ಬಾಡತೊಡಗಿದವು. ಡ್ರೈವರು ಹಾರ್ನು ಒತ್ತಿ ಒತ್ತಿ ಗಡಿಯಾರ ತೋರಿಸಿದ. ಪಟ್ಟಿ ನನ್ನ ಕೈಯಲ್ಲಿತ್ತು, ಹೊರಡು ಎನ್ನಬೇಕಾದವನು ನಾನು. ಒಂಬತ್ತು ಹೊಡೆಯುವಾಗ ದೊಡ್ಡಣ್ಣ ಬರುವುದು ಕಾಣಿಸಿತು. ಕೈಯಲ್ಲಿ ಚೀಲ. ಸದ್ಯ, ಇವರಾದರೂ ಬಂದರಲ್ಲ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ಚೀಲದಲ್ಲಿ ಒದ್ದೆ ಬಟ್ಟೆಯ ಗಂಟು, ಒಂದು ತೆಂಗಿನಕಾಯಿ.

"ಹರೀಶ ಎಲ್ಲಿ?" ಎಂದರು.

ಹೇಳಿದೆ. ಅವರು ಚೀಲವನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಒದ್ದೆ ಬಟ್ಟೆಯ ಗಂಟು ಬಿಚ್ಚಿದರು.

"ಎಲೆ ಹಳದಿ ಆಗಿದೆ ಜಯರಾಮ. ಆದ್ರೂ ಕೊಡುವ ಅಂತ ತಂದೆ. ನೀವು ಹೊರಡಿ. ನಾನು ಅವನನ್ನು ಕರ್ಕೊಂಡು ಮುಂದಿನ ಬಸ್ಸಲ್ಲಿ ಬರ್ತೇನೆ. ಇದನ್ನು ಕೊಡದೆ ನಾನು ಹೇಗೆ ಬರ್ಲಿ?"

ಹೊರಡು ಎಂದು ನಾನೇ ಹೇಳಿದೆ. ಆ ಶಾಲೆಯ ಮುಂದೆ ಬಸ್ಸನ್ನು ಯಾರೂ ತಡೆಯಲಿಲ್ಲ. ಗೇಟಿನೊಳಗೆ ಪಿಕಪ್ಪು ನಿಂತಿತ್ತು. ಸುಮತಿ ಬುತ್ತಿಯನ್ನು ಬಸ್ರಾದವರೆಗೂ ಮಡಿಲಿನಿಂದ ಇಳಿಸಲಿಲ್ಲ. ನಾನು ಫೈಲು ತೆಗೆದು ಹರೀಶನ ನಾಮಪತ್ರದ ಕೆಳಗೆ "ಸ್ವೀಕರಿಸಿದೆ" ಎಂದು ಬರೆದು ಸಹಿ ಹಾಕಿದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಯಿತು.

ಯುದ್ಧ ಮುಗಿದು ತೊಂಬತ್ತೊಂದರ ಬೇಸಿಗೆಯಲ್ಲಿ ನಾನೊಬ್ಬನೇ ಮರಳಿದೆ. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಮಧ್ಯಾಹ್ನಕ್ಕೇ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಮೂಗು ಒರೆಸಿದರೆ ಕರವಸ್ತ್ರ ಕಪ್ಪು. ದೊಡ್ಡಣ್ಣ ಬಸ್ಸು ಹತ್ತಿರಲೇ ಇಲ್ಲ. ಇರಾಕಿನವರಿದ್ದ ಏಳು ತಿಂಗಳೂ ಅಲ್ಲೇ ಇದ್ದರು. ಬಾಗಿಲು ತೆರೆದವರು ಅರ್ಧ ಆಗಿದ್ದರು. ಒಳಗೆ ನಾವಿಬ್ಬರೇ. ಕೇಳದೆಯೇ ಹೇಳಿದರು:

"ಆ ಶಾಲೆಗೆ ದಿನಾ ಹೋದೆ. ಗೇಟಿನಲ್ಲಿ ಬಯ್ದು ಕಳಿಸ್ತಿದ್ರು. ಒಂದು ದಿನ ಕಾವಲಿನವ, ಒಳಗಿದ್ದಾನೆ, ತುಂಬ ಎಸಿ ಉಂಟು, ಕೆಲ್ಸ ಮುಗೀಲಿಲ್ಲ ಅಂದ. ಮೂರನೇ ವಾರ ಹೋಗುವಾಗ ಗೇಟು ತೆರ್ದಿತ್ತು. ಯಾರೂ ಇಲ್ಲ ಜಯರಾಮ. ಒಂದು ನರಪಿಳ್ಳೆ ಇಲ್ಲ. ಕೋಣೆ ಕೋಣೆ ಹುಡುಕಿದೆ. ಮೇಲಿನ ಮಹಡಿಯ ಒಂದು ಕೋಣೆಯಲ್ಲಿ ಎಸಿ ಓಡ್ತಾ ಇತ್ತು. ಎಷ್ಟು ತಣ್ಣಗಿತ್ತು ಗೊತ್ತುಂಟಾ... ಚೂರೂ ಸದ್ದಿಲ್ಲದೆ ಓಡ್ತಾ ಇತ್ತು."

ಹರೀಶನ ಸುದ್ದಿ ಆಮೇಲೆ ಎಲ್ಲಿಂದಲೂ ಬರಲಿಲ್ಲ. ಅವನ ಅಕ್ಕನ ಕಾಗದಗಳಿಗೆ ನಾನು ಎಷ್ಟೋ ವರ್ಷ ಉತ್ತರ ಬರೆದೆ. ಹುಡುಕುತ್ತಿದ್ದೇವೆ ಎಂದು ಬಿಟ್ಟರೆ ಬರೆಯಲು ಏನಿತ್ತು?

ತೊಂಬತ್ತೊಂದರ ಅಕ್ಟೋಬರಿನಲ್ಲಿ, ಮರಳಿ ಬಂದಿದ್ದ ಹನ್ನೊಂದು ಜನ ದೊಡ್ಡಣ್ಣನ ಮನೆಯಲ್ಲಿ ಸೇರಿ ನಿಂತುಹೋಗಿದ್ದ ಸಭೆ ಮುಂದುವರಿಸಿದೆವು. ಬಂದ ನಾಮಪತ್ರ ಎಷ್ಟು ಎಂದು ದೊಡ್ಡಣ್ಣ ಕೇಳಿದರು. ಒಂದು ಎಂದೆ. ಓದಲು ಹೇಳಿದರು. ಹೆಸರು ಓದಿದೆ, ಸೂಚಕಿಯ ಹೆಸರು ಓದಿದೆ, ಅನುಭವದ ಅಂಕಣಕ್ಕೆ ಬಂದಾಗ ನಿಂತೆ.

"ಓದು," ಎಂದರು.

"ಎರಡು ಬೇಸಿಗೆ."

"ಆಕ್ಷೇಪ ಯಾರದ್ದಾದ್ರೂ ಉಂಟಾ?"

ಯಾರದೂ ಇರಲಿಲ್ಲ. ದೊಡ್ಡಣ್ಣ ಅಧ್ಯಕ್ಷರ ಕುರ್ಚಿಯಿಂದ ಎದ್ದು ಪಕ್ಕದ ಸ್ಟೂಲಿನ ಮೇಲೆ ಕೂತರು.

ಇಷ್ಟು ಹೇಳುವಾಗ ಎಗೈಲಾದ ಮನೆಯಲ್ಲಿ ಆ ಮೂವರ ಚಹಾ ಆರಿಹೋಗಿತ್ತು. ಒಬ್ಬ ಮೆಲ್ಲಗೆ ಕೇಳಿದ: "ಹಾಗಾದ್ರೆ ಆ ವರ್ಷ ಸಂಘ ನಡೆಸಿದ್ದು ಯಾರು ಅಂಕಲ್?"

ಒಳಗೆ ಹೋಗಿ ಪೆಟ್ಟಿಗೆಯಿಂದ ಹಳೆಯ ಒಂದು ನೋಟಿಸು ತಂದು ಅವರ ಕೈಗೆ ಕೊಟ್ಟೆ. ಆ ಇಡೀ ಅವಧಿ ಸಂಘದಿಂದ ಹೊರಟ ಪ್ರತಿಯೊಂದು ಕಾಗದವೂ ಹಾಗೆಯೇ ಇದೆ. ಅಧ್ಯಕ್ಷ ಎಂದಲ್ಲಿ ಹರೀಶನ ಹೆಸರು ಟೈಪು ಮಾಡಿದೆ. ಅದರ ಕೆಳಗೆ, ಹರೀಶನಿಗಿಂತ ಇಪ್ಪತ್ತು ಬೇಸಿಗೆ ಹೆಚ್ಚು ಕಂಡ ಮನುಷ್ಯ, ನೀಲಿ ಶಾಯಿಯಲ್ಲಿ, "ಅಧ್ಯಕ್ಷರ ಪರವಾಗಿ" ಎಂದು ಬರೆದು ಸಹಿ ಹಾಕಿದ್ದಾರೆ.